ಮಧುಮೇಹದ ನರಹಾನಿಗೆ ಪೂರಕ ಪೋಷಕಾಂಶಗಳು: ಚರಿತ್ರೆ

ಸಕ್ಕರೆ ಕಾಯಿಲೆಯಿಂದ ಕೈಕಾಲಿನ ನರಗಳು ಕೆಟ್ಟಾಗ ಕಾಣಿಸಿಕೊಳ್ಳುವ ಅಂಗಾಲಿನ ಉರಿ, ಜೋಮು, ಚುಚ್ಚುನೋವುಗಳನ್ನು ತಗ್ಗಿಸಲೆಂದು ಕೊಡುತ್ತ ಬಂದಿರುವ ಜೀವಸತ್ವಗಳು, ಕೊಬ್ಬಿನ ಆಮ್ಲಗಳು ಮತ್ತು ದೇಹದೊಳಗೇ ತಯಾರಾಗುವ ಕೆಲವು ರಾಸಾಯನಿಕಗಳು. ಬಿ1, ಬಿ6, ಬಿ12 ಜೀವಸತ್ವಗಳು, ಬೆನ್‌ಫೋಟಿಯಮಿನ್, ಆಲ್ಫಾ ಲಿಪೋಯಿಕ್ ಆಮ್ಲ, ಅಸಿಟೈಲ್ ಕಾರ್ನಿಟಿನ್, ಗಾಮಾ ಲಿನೋಲೆನಿಕ್ ಆಮ್ಲ ಇವುಗಳಲ್ಲಿ ಮುಖ್ಯವಾದವು. ಜರ್ಮನಿಯಲ್ಲಿ ಔಷಧವೆನಿಸಿದ್ದು ಅಮೆರಿಕದಲ್ಲಿ ಆಹಾರ ಪೂರಕ. ಭಾರತದಲ್ಲಿ ಎರಡೂ ರೂಪದಲ್ಲಿ ಸಿಗುತ್ತದೆ. ಕೊರತೆಯಿಂದ ಕೆಟ್ಟ ನರವನ್ನು ಜೀವಸತ್ವ ಸರಿಪಡಿಸಿದ್ದು ಇಪ್ಪತ್ತನೆಯ ಶತಮಾನದ ವೈದ್ಯಕೀಯದ ದೊಡ್ಡ ಗೆಲುವುಗಳಲ್ಲಿ ಒಂದು. ಆ ಗೆಲುವಿನ ಧೈರ್ಯದಿಂದ, ಸಕ್ಕರೆಯಿಂದ ಕೆಟ್ಟ ನರಕ್ಕೂ ಅದೇ ಮದ್ದನ್ನು ಕೊಡಲಾಯಿತು. ಈ ಮಾತ್ರೆಗಳ ಚರಿತ್ರೆಯ ಬಹುಪಾಲು ಏರಿಳಿತಗಳು ಅಲ್ಲಿಂದಲೇ ಹುಟ್ಟಿದವು.

ರೋಗದ ಗುರುತು

ಚರಕ ಸಂಹಿತೆಯ ನಿದಾನಸ್ಥಾನವು ಪ್ರಮೇಹದ ಮುನ್ಸೂಚನೆಗಳನ್ನು ಎಣಿಸುವಾಗ ಕೈಕಾಲುಗಳ ಮರಗಟ್ಟುವಿಕೆಯನ್ನೂ ಉರಿಯನ್ನೂ ಹೇಳುತ್ತದೆ. ಯುರೋಪಿನಲ್ಲಿ ಈ ನಂಟು ಹತ್ತೊಂಬತ್ತನೆಯ ಶತಮಾನದವರೆಗೂ ತಲೆಕೆಳಗಾಗಿಯೇ ಇತ್ತು. ನರಮಂಡಲ ಕೆಟ್ಟು ಮಧುಮೇಹ ಬರುತ್ತದೆಂದು ವೈದ್ಯರು ಭಾವಿಸಿದ್ದರು. ಮಧುಮೇಹವೇ ನರವನ್ನು ಕೆಡಿಸುತ್ತದೆಂದು 1864ರಲ್ಲಿ ವಾದಿಸಿದವರು ಫ್ರಾನ್ಸಿನ ಮಾರ್ಶಾಲ್ ದ ಕಾಲ್ವಿ. 1880ರ ದಶಕದಲ್ಲಿ ಲಂಡನ್ನಿನ ಫ್ರೆಡರಿಕ್ ಪೇವಿ ರಾತ್ರಿ ಹೊತ್ತು ಹೆಚ್ಚಾಗುವ ಕಾಲುನೋವನ್ನು ವಿವರವಾಗಿ ದಾಖಲಿಸಿದರು. 1921–22ರಲ್ಲಿ ಇನ್ಸುಲಿನ್ ಬಂದ ಮೇಲೆ ರೋಗಿಗಳು ದಶಕಗಟ್ಟಲೆ ಬದುಕತೊಡಗಿದರು. ನರಹಾನಿ ಆಗ ಸಾಮಾನ್ಯ ದೃಶ್ಯವಾಯಿತು. ಬ್ರಸೆಲ್ಸ್‌ನ ಜಾನ್ ಪಿರಾರ್ 1947ರಿಂದ 1973ರವರೆಗೆ 4,400 ರೋಗಿಗಳನ್ನು ಗಮನಿಸಿದಾಗ, 25 ವರ್ಷ ಕಾಯಿಲೆ ಕಂಡವರಲ್ಲಿ ಅರ್ಧದಷ್ಟು ಜನರಿಗೆ ನರಹಾನಿ ಇತ್ತು.

ಬಿ1: ತೌಡಿನಿಂದ ಬೆಳ್ಳುಳ್ಳಿಯವರೆಗೆ

ಪೋಷಕಾಂಶಕ್ಕೂ ನರಕ್ಕೂ ಸಂಬಂಧವಿದೆ ಎಂದು ತೋರಿಸಿದ್ದು ಬೆರಿಬೆರಿ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡು ಹಾಕಿದಾಗ ಅವು ಎದ್ದು ಓಡಾಡುವುದನ್ನೂ ಕಂಡರು. ತೌಡಿನ ಸತ್ವವನ್ನು 1926ರಲ್ಲಿ ಯಾನ್ಸೆನ್ ಮತ್ತು ಡೊನಾತ್ ಹರಳಾಗಿ ತೆಗೆದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ಆಂಧ್ರದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಯ ಮಗನಾಗಿ. ಹಾಸಿಗೆ ಹಿಡಿದ ಬೆರಿಬೆರಿ ರೋಗಿ ಒಂದು ಇಂಜೆಕ್ಷನ್‌ಗೆ ಚೇತರಿಸಿಕೊಳ್ಳುವುದನ್ನು ಕಂಡವರು, ನೋಡಲು ಹಾಗೆಯೇ ಇರುವ ಮಧುಮೇಹಿಯ ಕಾಲಿಗೂ ಅದನ್ನು ಚುಚ್ಚಿ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ದಕ್ಷಿಣ ಭಾರತದ ಒಂದು ಪ್ರಸಂಗ ನೆನೆಯತಕ್ಕದ್ದು. ಪೌಷ್ಟಿಕತೆಯ ಪ್ರಸಿದ್ಧ ವಿಜ್ಞಾನಿ ಸಿ. ಗೋಪಾಲನ್ 1946ರಲ್ಲಿ ‘ಉರಿಪಾದ’ದ ರೋಗಿಗಳಿಗೆ ಪ್ಯಾಂಟೊಥೆನಿಕ್ ಆಮ್ಲ ಕೊಟ್ಟು ಗುಣ ಕಂಡ ವರದಿಯನ್ನು ಪ್ರಕಟಿಸಿದರು. ಆ ರೋಗಿಗಳು ಅರೆಹೊಟ್ಟೆಯ ಬಡವರು, ಮಧುಮೇಹಿಗಳಲ್ಲ. ಅಂಗಾಲು ಇಬ್ಬರಿಗೂ ಒಂದೇ ರೀತಿ ಉರಿಯಬಹುದು, ಕಾರಣ ಮಾತ್ರ ಬೇರೆ. ರೋಗಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಅವಸರದ ವೈದ್ಯರಿಗೂ ಎಷ್ಟೋ ಸಲ ತಿಳಿಯುವುದಿಲ್ಲ.

ಥಯಮಿನ್‌ಗೆ ಒಂದು ದೌರ್ಬಲ್ಯವಿತ್ತು. ಬಾಯಿಂದ ಎಷ್ಟೇ ಕೊಟ್ಟರೂ ಕರುಳು ಸ್ವಲ್ಪವನ್ನೇ ಹೀರಿಕೊಳ್ಳುತ್ತಿತ್ತು. ಕ್ಯೋಟೊ ವಿಶ್ವವಿದ್ಯಾಲಯದ ಮೊಟೊನೊರಿ ಫುಜಿವಾರಾ ತಂಡ 1950ರ ದಶಕದ ಆರಂಭದಲ್ಲಿ ಬೆಳ್ಳುಳ್ಳಿಯೊಂದಿಗೆ ಬೆರೆತ ಥಯಮಿನ್ ಹೊಸ ರೂಪ ತಾಳುವುದನ್ನು, ಆ ಅಲಿಥಯಮಿನ್ ಕರುಳಿನಿಂದ ಸುಲಭವಾಗಿ ರಕ್ತಕ್ಕೆ ಸೇರುವುದನ್ನು ಕಂಡುಕೊಂಡಿತು. ಟಕೆಡಾ ಕಂಪನಿ 1954ರಲ್ಲಿ ‘ಅಲಿನಮಿನ್’ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಇದೇ ಹುಡುಕಾಟದ ಮುಂದಿನ ಫಲ ಬೆನ್‌ಫೋಟಿಯಮಿನ್. ಜಪಾನಿನಲ್ಲಿ ಹುಟ್ಟಿದರೂ ಇದಕ್ಕೆ ಮಧುಮೇಹದ ನರದ ಮದ್ದೆಂಬ ಹೆಸರು ಬಂದದ್ದು ಜರ್ಮನಿಯಲ್ಲಿ.

2003ರಲ್ಲಿ ಹ್ಯಾನ್ಸ್ ಪೀಟರ್ ಹ್ಯಾಮ್ಸ್, ನ್ಯೂಯಾರ್ಕಿನ ಮೈಕೆಲ್ ಬ್ರೌನ್ಲಿ ಮತ್ತು ಸಂಗಡಿಗರು ಇದಕ್ಕೊಂದು ಗಟ್ಟಿ ತರ್ಕ ಒದಗಿಸಿದರು: ಜೀವಕೋಶದಲ್ಲಿ ಹೆಚ್ಚಾದ ಸಕ್ಕರೆ ಹಾನಿ ಮಾಡುವ ಮೂರು ದಾರಿಗಳನ್ನು ಬೆನ್‌ಫೋಟಿಯಮಿನ್ ಒಟ್ಟಿಗೇ ಮುಚ್ಚುತ್ತದೆ, ಇಲಿಗಳ ಅಕ್ಷಿಪಟಲವನ್ನು ಕಾಪಾಡುತ್ತದೆ. 2007ರಲ್ಲಿ ಪಾಲ್ ಥಾರ್ನಲಿ ತಂಡ ಮಧುಮೇಹಿಗಳ ರಕ್ತದ್ರವದಲ್ಲಿ ಥಯಮಿನ್ ಸುಮಾರು ಮುಕ್ಕಾಲು ಪಾಲು ಕಡಿಮೆಯೆಂದು, ಮೂತ್ರದಲ್ಲಿ ಅದು ಸೋರಿಹೋಗುತ್ತದೆಂದು ವರದಿ ಮಾಡಿತು. ಮನುಷ್ಯರ ಮೇಲಿನ ಪ್ರಯೋಗಗಳು ಈ ತರ್ಕದಷ್ಟು ಬಲವಾಗಿರಲಿಲ್ಲ. 2008ರ ಜರ್ಮನ್ ಅಧ್ಯಯನದಲ್ಲಿ 165 ರೋಗಿಗಳಿಗೆ 6 ವಾರ ಕೊಟ್ಟಾಗ ಲಕ್ಷಣಗಳು ಸ್ವಲ್ಪ ತಗ್ಗಿದವು, ಅದೂ ಲೆಕ್ಕಾಚಾರದ ಅಂಚಿನಲ್ಲಿ. 2012ರಲ್ಲಿ ಒಂದನೆಯ ಬಗೆಯ ಮಧುಮೇಹಿಗಳಿಗೆ ದಿನಕ್ಕೆ 300 ಮಿ.ಗ್ರಾಂನಂತೆ ಎರಡು ವರ್ಷ ಕೊಟ್ಟ ಪ್ರಯೋಗದಲ್ಲಿ ನರದ ಅಳತೆಗಳು ಕದಲಲಿಲ್ಲ.

ಲಿಪೋಯಿಕ್ ಆಮ್ಲ

ಈ ಪಟ್ಟಿಯಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದೇ. 1951ರಲ್ಲಿ ಲೆಸ್ಟರ್ ರೀಡ್ ಮತ್ತು ಸಂಗಡಿಗರು ಸುಮಾರು ಹತ್ತು ಟನ್ ಯಕೃತ್ತಿನ ಚರಟದಿಂದ ತೆಗೆದದ್ದು 30 ಮಿ.ಗ್ರಾಂ ಹಳದಿ ಹರಳು. ಮೊದಲು ಜೀವಸತ್ವವೆಂದು ಎಣಿಸಿದ ಇದನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆಂದು ಆಮೇಲೆ ತಿಳಿಯಿತು. ಅಂದರೆ ಇದರ ‘ಕೊರತೆ’ಯ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಆದರೂ 1960ರ ದಶಕದಿಂದ ಜರ್ಮನ್ ವೈದ್ಯರು ಇದನ್ನು ಮಧುಮೇಹದ ನರಕ್ಕೆ ಬಳಸುತ್ತ ಬಂದರು. ಸಕ್ಕರೆಯಿಂದ ಹುಟ್ಟುವ ಉತ್ಕರ್ಷಣದ ಒತ್ತಡವನ್ನು ಇದು ತಣಿಸುತ್ತದೆಂಬ ವಿವರಣೆ ಆಮೇಲೆ ಸೇರಿಕೊಂಡಿತು.

ಡ್ಯುಸೆಲ್ಡಾರ್ಫ್‌ನ ಡಾನ್ ಜೀಗ್ಲರ್ ಇದರ ಹಿಂದೆ ಬಿದ್ದು ಪ್ರಯೋಗಗಳ ಸಾಲನ್ನೇ ನಡೆಸಿದರು. 1995ರ ‘ಅಲಾಡಿನ್’ನಲ್ಲಿ 328 ರೋಗಿಗಳಿಗೆ ಮೂರು ವಾರ ಡ್ರಿಪ್ ಹಾಕಲಾಯಿತು. 600 ಮಿ.ಗ್ರಾಂ ಪಡೆದವರ ಉರಿ, ನೋವು ಹುಸಿಮದ್ದು ಪಡೆದವರಿಗಿಂತ ಹೆಚ್ಚು ಇಳಿದವು. 1999ರ ಮೂರನೆಯ ಅಲಾಡಿನ್‌ನಲ್ಲಿ ಡ್ರಿಪ್ಪಿನ ನಂತರ ಆರು ತಿಂಗಳು ಮಾತ್ರೆ ಕೊಟ್ಟಾಗ ರೋಗಿಗಳು ಹೇಳಿದ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2006ರ ‘ಸಿಡ್ನಿ 2’ ಮತ್ತೆ ಆಸೆ ಹುಟ್ಟಿಸಿತು. ಹೆಸರು ಸಿಡ್ನಿಯಾದರೂ ಪ್ರಯೋಗ ನಡೆದದ್ದು ರಷ್ಯ ಮತ್ತು ಇಸ್ರೇಲಿನಲ್ಲಿ. ಐದು ವಾರದ ಮಾತ್ರೆಯಿಂದಲೂ ಲಕ್ಷಣಗಳು ಇಳಿದವು. ಪ್ರಮಾಣವನ್ನು 600ರಿಂದ 1,800 ಮಿ.ಗ್ರಾಂಗೆ ಏರಿಸಿದಾಗ ಹೆಚ್ಚಿದ್ದು ಓಕರಿಕೆ, ಗುಣವಲ್ಲ.

ಐದು ವಾರದ ಫಲ ವರ್ಷಗಟ್ಟಲೆ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು 2011ರಲ್ಲಿ ಪ್ರಕಟವಾದ ‘ನೇಥನ್ 1’. 460 ರೋಗಿಗಳು, ನಾಲ್ಕು ವರ್ಷ, ದಿನಕ್ಕೆ 600 ಮಿ.ಗ್ರಾಂ. ಮುಂಚಿತವಾಗಿ ನಿಗದಿಪಡಿಸಿದ ಮುಖ್ಯ ಅಳತೆಯಲ್ಲಿ ಮದ್ದು ಗೆಲ್ಲಲಿಲ್ಲ. ವೈದ್ಯರು ಕಾಲು ಪರೀಕ್ಷಿಸಿ ಕೊಟ್ಟ ಅಂಕಗಳಲ್ಲಿ ಮಾತ್ರ ಕೊಂಚ ಸುಧಾರಣೆ ಇತ್ತು. ಹುಸಿಮದ್ದು ಪಡೆದವರ ನರ ನಾಲ್ಕು ವರ್ಷದಲ್ಲಿ ಎಣಿಸಿದಷ್ಟು ಕೆಡದೆ ಇದ್ದದ್ದೂ ಒಂದು ತೊಡಕಾಯಿತು, ಹಾನಿಯೇ ಮುಂದುವರಿಯದಿದ್ದರೆ ತಡೆದದ್ದನ್ನು ತೋರಿಸುವುದು ಹೇಗೆ? 2024ರ ಕಾಕ್ರೇನ್ ಸಮೀಕ್ಷೆ ಆರು ತಿಂಗಳು ಮತ್ತು ಅದಕ್ಕೂ ಹೆಚ್ಚು ಕಾಲದ ಪ್ರಯೋಗಗಳನ್ನಷ್ಟೇ ಆರಿಸಿಕೊಂಡು, ಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂದಿತು.

ಎಣ್ಣೆ, ಕಾರ್ನಿಟಿನ್ ಮತ್ತು ಇತರ ಆಸೆಗಳು

1970ರ ದಶಕದಲ್ಲಿ ಇನೋಸಿಟಾಲ್‌ನ ಸರದಿ. ಮಧುಮೇಹದ ಇಲಿಗಳ ನರದಲ್ಲಿ ಅದು ಕಡಿಮೆ, ಕೊಟ್ಟರೆ ನರ ಚುರುಕಾಗುತ್ತದೆ ಎಂದು ಕಂಡಿತು. ಮನುಷ್ಯರಲ್ಲಿ ಒಂದು ಅಧ್ಯಯನ ಹೌದೆಂದರೆ ಇನ್ನೊಂದು ಇಲ್ಲವೆಂದಿತು, ಹತ್ತೇ ವರ್ಷದಲ್ಲಿ ವಿಷಯ ತಣ್ಣಗಾಯಿತು.

ಈವ್ನಿಂಗ್ ಪ್ರಿಮ್‌ರೋಸ್ ಹೂವಿನ ಬೀಜದೆಣ್ಣೆಯ ಕಥೆ ಇನ್ನೂ ರೋಚಕ. ಮಧುಮೇಹದಲ್ಲಿ ಅಡುಗೆ ಎಣ್ಣೆಯ ಲಿನೋಲೆಯಿಕ್ ಆಮ್ಲವನ್ನು ಗಾಮಾ ಲಿನೋಲೆನಿಕ್ ಆಮ್ಲವಾಗಿ ಬದಲಿಸುವ ಕಿಣ್ವ ಮಂಕಾಗುತ್ತದೆ. ಹಾಗಾದರೆ ಎರಡನೆಯದನ್ನೇ ನೇರವಾಗಿ ಕೊಟ್ಟರೆ? ಬ್ರಿಟನ್ನಿನ ಡೇವಿಡ್ ಹಾರೊಬಿನ್ ಈ ವಿಚಾರದ ಮೇಲೆ ಕಂಪನಿಯನ್ನೇ ಕಟ್ಟಿದರು. 1993ರಲ್ಲಿ 111 ರೋಗಿಗಳಿಗೆ ದಿನಕ್ಕೆ 480 ಮಿ.ಗ್ರಾಂನಂತೆ ವರ್ಷ ಕಾಲ ಕೊಟ್ಟಾಗ 16 ಅಳತೆಗಳಲ್ಲಿ 13ರಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಲಿಪೋಯಿಕ್ ಆಮ್ಲದ ನಾಲ್ಕು ವರ್ಷಗಳೂ ಕೊಡದಂಥ ಫಲ ಇದು. ಆದರೂ ಇದು ಮಧುಮೇಹದ ನರದ ಚಿಕಿತ್ಸೆಯಾಗಿ ನೆಲೆಯೂರಲಿಲ್ಲ. ಇದೇ ಎಣ್ಣೆಯ, ಇಸುಬು ಮತ್ತು ಸ್ತನದ ನೋವಿಗೆ ಕೊಡುತ್ತಿದ್ದ ಗುಳಿಗೆಗಳ ಪರವಾನಗಿಯನ್ನು ಬ್ರಿಟನ್ 2002ರಲ್ಲಿ ಹಿಂತೆಗೆದುಕೊಂಡಿತು. ಮರುವರ್ಷ ಹಾರೊಬಿನ್ ತೀರಿಕೊಂಡಾಗ ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆದ ನಿಧನ ಲೇಖನ ಎಷ್ಟು ಕಟುವಾಗಿತ್ತೆಂದರೆ ಪತ್ರಿಕೆ ಕೊನೆಗೆ ಕುಟುಂಬದ ಕ್ಷಮೆ ಕೇಳಬೇಕಾಯಿತು.

ಅಸಿಟೈಲ್ ಕಾರ್ನಿಟಿನ್‌ನ ಎರಡು ದೊಡ್ಡ ಪ್ರಯೋಗಗಳನ್ನು 2005ರಲ್ಲಿ ಆಂಡರ್ಸ್ ಸೀಮಾ ತಂಡ ಪ್ರಕಟಿಸಿತು. 1,257 ರೋಗಿಗಳು, ಒಂದು ವರ್ಷ. ನರದಲ್ಲಿ ಸಂಕೇತ ಸಾಗುವ ವೇಗ ಹೆಚ್ಚಲಿಲ್ಲ. ನೋವು ತಗ್ಗಿತು, ಸೂಕ್ಷ್ಮದರ್ಶಕದಡಿ ನರತಂತುಗಳ ಸಂಖ್ಯೆಯೂ ಹೆಚ್ಚಿದಂತೆ ತೋರಿತು. ಇದೇ ವಸ್ತು ಕ್ಯಾನ್ಸರ್ ಮದ್ದಿನಿಂದಾಗುವ ನರಹಾನಿಯನ್ನೂ ತಡೆದೀತೆಂದು ಸ್ತನ ಕ್ಯಾನ್ಸರಿನ ಮಹಿಳೆಯರಿಗೆ ಕೊಟ್ಟಾಗ, 2013ರ ವರದಿಯಂತೆ, ಹಾನಿ ಹೆಚ್ಚಾಯಿತು. ಇ ಜೀವಸತ್ವದ ಗುಂಪಿನ ಟೋಕೋಟ್ರೈಯಿನಾಲ್‌ಗಳನ್ನು ಮಲೇಶಿಯಾದಲ್ಲಿ 300 ಜನರಿಗೆ ಒಂದು ವರ್ಷ ಕೊಟ್ಟು ನೋಡಲಾಯಿತು. 2018ರ ವರದಿಯಂತೆ ಒಟ್ಟಾರೆ ಲಕ್ಷಣಗಳಲ್ಲಿ ಪ್ರಯೋಜನ ಕಾಣಲಿಲ್ಲ. ಡಿ ಜೀವಸತ್ವದ ಅಧ್ಯಯನಗಳು ಚಿಕ್ಕವು.

ಈ ಎಲ್ಲ ಪ್ರಯೋಗಗಳಿಗೂ ಅಂಟಿದ ಒಂದು ಕಷ್ಟವಿದೆ. ಕಾಲುರಿ ತಾನಾಗಿ ಏರಿಳಿಯುತ್ತದೆ. ರೋಗಿ ವೈದ್ಯರ ಬಳಿ ಬರುವುದು ಉರಿ ತಾರಕದಲ್ಲಿದ್ದಾಗ. ಆಗ ಏನು ಕೊಟ್ಟರೂ ಒಂದಷ್ಟು ಜನರಿಗೆ ಇಳಿಯುತ್ತದೆ, ಹುಸಿಮದ್ದು ಪಡೆದವರಿಗೂ. ಇದಲ್ಲದೆ ನರ ಪೂರ್ತಿ ಸತ್ತಾಗಲೂ ಉರಿ ನಿಲ್ಲುತ್ತದೆ. ಹಾಗಾಗಿ ಉರಿ ಹೋಯಿತೆಂಬ ಸಂತೋಷವನ್ನು ಕಾಲಿನ ಸ್ಪರ್ಶ ಪರೀಕ್ಷಿಸದೆ ನಂಬುವಂತಿಲ್ಲ.

ಅಪಾಯಗಳು

ಪೂರಕಗಳೆಂದರೆ ನಿರುಪದ್ರವಿಗಳು ಎಂಬ ಭಾವನೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1983ರಲ್ಲಿ. ದಿನಕ್ಕೆ 2ರಿಂದ 6 ಗ್ರಾಂ ಬಿ6 ನುಂಗುತ್ತಿದ್ದ ಏಳು ಜನರಿಗೆ ನಡೆಯಲಾಗದಷ್ಟು ನರಹಾನಿಯಾದುದನ್ನು ಹರ್ಬರ್ಟ್ ಶಾಂಬರ್ಗ್ ತಂಡ ವರದಿ ಮಾಡಿತು. ನರಕ್ಕೆಂದು ಕೊಡುವ ಜೀವಸತ್ವವೇ ನರವನ್ನು ಕೆಡಿಸಿತ್ತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ವಯಸ್ಕರ ಮಿತಿಯನ್ನು ದಿನಕ್ಕೆ 12 ಮಿ.ಗ್ರಾಂಗೆ ಇಳಿಸಿತು, ನರಕ್ಕೆಂದೇ ಮಾರುವ ಕೆಲವು ಮಾತ್ರೆಗಳಲ್ಲಿ ಇದರ ಹಲವು ಪಟ್ಟು ಇರುತ್ತದೆ. 2010ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಯೋಗದಲ್ಲಿ ಮಧುಮೇಹದಿಂದ ಮೂತ್ರಪಿಂಡ ಕೆಟ್ಟಿದ್ದ 238 ಜನರಿಗೆ ಫೋಲಿಕ್ ಆಮ್ಲ, ಬಿ6, ಬಿ12ಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮೂತ್ರಪಿಂಡ ಇನ್ನೂ ಬೇಗ ಸೋತಿತು, ಹೃದಯಾಘಾತ ಮತ್ತು ಲಕ್ವದಂಥ ಅನಾಹುತಗಳೂ ಹೆಚ್ಚಿದವು. ಲಿಪೋಯಿಕ್ ಆಮ್ಲದಿಂದ ಕೆಲವರ ದೇಹ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಹುಟ್ಟಿಸಿ ಸಕ್ಕರೆ ಥಟ್ಟನೆ ಕುಸಿಯುವ ಅಪರೂಪದ ಸ್ಥಿತಿಯನ್ನು ಜಪಾನ್, ಇಟಲಿಗಳಿಂದ ವೈದ್ಯರು ವರದಿ ಮಾಡಿದ್ದಾರೆ. ಕೆಲವು ವಂಶವಾಹಿಗಳಿದ್ದವರಿಗೇ ಇದು ಹೆಚ್ಚಾಗಿ ಬರುತ್ತದೆ.

ಬಿ12

ಸಾಂಘಾತಿಕ ರಕ್ತಹೀನತೆ ಇದ್ದವರ ಬೆನ್ನುಹುರಿಯೂ ನರಗಳೂ ಕೆಡುವುದು ಹಳೆಯ ವೈದ್ಯರಿಗೂ ಗೊತ್ತಿತ್ತು. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ ಯಕೃತ್ತನ್ನು ತಿನ್ನಿಸಿ ಅದನ್ನು ಗುಣಪಡಿಸಿದರು. ಮೈನಾಟ್ ಸ್ವತಃ ಮಧುಮೇಹಿ; ಇನ್ಸುಲಿನ್ ಸಕಾಲಕ್ಕೆ ಬಾರದಿದ್ದರೆ 1934ರ ನೊಬೆಲ್ ಪಡೆಯಲು ಅವರು ಬದುಕಿರುತ್ತಿರಲಿಲ್ಲ. ಯಕೃತ್ತಿನ ಆ ಸತ್ವ, ಬಿ12, 1948ರಲ್ಲಿ ಕೆಂಪು ಹರಳಾಗಿ ಸಿಕ್ಕಿತು. ಅದರ ಮೀಥೈಲ್ ಕೋಬಾಲಮಿನ್ ರೂಪವನ್ನು ಜಪಾನಿನ ಐಸೈ ಕಂಪನಿ ನರದ ಔಷಧವಾಗಿ ಬೆಳೆಸಿತು. ಇಂದು ಭಾರತದಲ್ಲಿ ಜೋಮು ಎಂದು ಹೇಳಿದವರ ಚೀಟಿಯಲ್ಲಿ ತಪ್ಪದೆ ಕಾಣುವ ಹೆಸರು ಅದು. ಲಿಪೋಯಿಕ್ ಆಮ್ಲ, ಬೆನ್‌ಫೋಟಿಯಮಿನ್, ನೋವಿನ ಮದ್ದಾದ ಪ್ರಿಗ್ಯಾಬಲಿನ್ ಜೊತೆಗೂಡಿದ ಬಗೆಬಗೆಯ ಗುಳಿಗೆಗಳೂ ಇವೆ.

ಬಿ12 ಉಳಿದವುಗಳಿಗಿಂತ ಬೇರೆಯಾಗಿ ನಿಲ್ಲುವುದು ಮೆಟ್‌ಫಾರ್ಮಿನ್‌ನಿಂದ. ಮಧುಮೇಹಕ್ಕೆ ಮೊದಲು ಕೊಡುವ ಈ ಮಾತ್ರೆ ಬಿ12 ಹೀರಿಕೊಳ್ಳುವುದಕ್ಕೆ ಅಡ್ಡಬರುತ್ತದೆಂದು 1971ರಲ್ಲೇ ಬೆಲ್‌ಫಾಸ್ಟ್‌ನ ವೈದ್ಯರು ಎಚ್ಚರಿಸಿದ್ದರು. ನೆದರ್ಲೆಂಡ್ಸ್‌ನಲ್ಲಿ 390 ರೋಗಿಗಳನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ 2010ರ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಪಡೆದವರ ಬಿ12 ಮಟ್ಟ ಶೇ. 19ರಷ್ಟು ತಗ್ಗಿತ್ತು. ಅಲ್ಲಿಗೆ ಮಧುಮೇಹ ಮತ್ತು ಕೊರತೆ ಒಂದೇ ಕಾಲಿನಲ್ಲಿ ಸೇರಿದಂತಾಯಿತು. ಮಾಂಸ, ಮೊಟ್ಟೆ, ಹಾಲುಗಳಲ್ಲಿ ಮಾತ್ರ ಸಿಗುವ ಈ ಜೀವಸತ್ವ ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ತಂಡ 2006ರಲ್ಲಿ ತಾನು ಪರೀಕ್ಷಿಸಿದ ನಡುವಯಸ್ಸಿನ ಗಂಡಸರಲ್ಲಿ ಮೂರನೇ ಎರಡು ಪಾಲು ಜನರಿಗೆ ಬಿ12 ಕಡಿಮೆಯೆಂದು ವರದಿ ಮಾಡಿತು. 2021ರಲ್ಲಿ ಗ್ರೀಸಿನಲ್ಲಿ, ಮೆಟ್‌ಫಾರ್ಮಿನ್ ಸೇವಿಸುತ್ತಿದ್ದು ಬಿ12 ಕಡಿಮೆಯಿದ್ದ 90 ರೋಗಿಗಳ ಪ್ರಯೋಗ ನಡೆಯಿತು. ದಿನಕ್ಕೆ 1 ಮಿ.ಗ್ರಾಂ ಮೀಥೈಲ್ ಕೋಬಾಲಮಿನ್ ಅನ್ನು ವರ್ಷ ಕಾಲ ಪಡೆದವರಲ್ಲಿ ನೋವೂ ತಗ್ಗಿತು, ನರದ ಅಳತೆಗಳೂ ಸುಧಾರಿಸಿದವು. ಉಳಿದ ಮದ್ದುಗಳಲ್ಲಿ ಇವೆರಡು ಒಟ್ಟಿಗೆ ಬಂದದ್ದು ಅಪರೂಪ.

ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ12 ಪರೀಕ್ಷಿಸಬೇಕು, ಅಪಾಯ ಹೆಚ್ಚಿರುವವರನ್ನು ಆಗಾಗ ನೋಡುತ್ತಿರಬೇಕು ಎಂದು ಸೂಚಿಸಿತು. ಅಮೆರಿಕದ ಮಧುಮೇಹ ಸಂಘದ ಸಲಹೆಯೂ ಇಂಥದ್ದೇ. ನಮ್ಮಲ್ಲಿ ಎಷ್ಟೋ ಕಡೆ ರಕ್ತ ತೆಗೆಯುವ ಮೊದಲೇ ಮಾತ್ರೆಯೋ ಇಂಜೆಕ್ಷನ್ನೋ ಶುರುವಾಗಿರುತ್ತದೆ. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಬಿ12 ಏರಿಯೇ ಇರುತ್ತದೆ. ಜೋಮಿಗೆ ಕಾರಣ ಕೊರತೆಯೋ ಸಕ್ಕರೆಯೋ ಎಂದು ಆ ಅಂಕಿಯಿಂದ ಹೇಳಲು ಬರುವುದಿಲ್ಲ.