ನೀಲಗಿರಿ–ವಯನಾಡಿನ ಕುಡುಗೋಲು ಕಣ: ಒಂದು ವಂಶವಾಹಿಯ ಮೂರು ಓದುಗಳು

1952ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಅವರ ಕಿರುಲೇಖನವೊಂದು ಪ್ರಕಟವಾಯಿತು. ನೀಲಗಿರಿಯ ನಿವಾಸಿಗಳ ರಕ್ತದಲ್ಲಿ ಕುಡುಗೋಲಿನಾಕಾರ ತಾಳುವ ಕೆಂಪು ಕಣಗಳು ಕಂಡುಬಂದಿವೆ ಎಂಬುದು ಅದರ ಸಾರ. ಆ ತನಕ ಈ ಗುಣವನ್ನು ವೈದ್ಯಲೋಕ ಬಹುಮಟ್ಟಿಗೆ ಆಫ್ರಿಕ ಮೂಲದ ಜನರಿಗೆ ಮಾತ್ರ ಸೇರಿದ್ದೆಂದು ತಿಳಿದಿತ್ತು. ಅದೇ ವರ್ಷ ಮೇಲಣ ಅಸ್ಸಾಮಿನ ಚಹಾತೋಟಗಳ ಕೂಲಿಕಾರರಲ್ಲಿಯೂ ಈ ರೋಗವಿರುವುದನ್ನು ಡನ್‌ಲಪ್ ಮತ್ತು ಮಜುಂದಾರ್ ವರದಿ ಮಾಡಿದರು. ಭಾರತದಲ್ಲಿ ಕುಡುಗೋಲು ಕಣ ರಕ್ತಹೀನತೆಯ ಲಿಖಿತ ಚರಿತ್ರೆ ಆರಂಭವಾಗುವುದು ಈ ಎರಡು ವರದಿಗಳಿಂದ.

ನೀಲಗಿರಿಯೂ ಅದಕ್ಕೆ ಹೊಂದಿದ ವಯನಾಡೂ ಬಡಗ, ಕುರುಂಬ, ಕಾಟ್ಟುನಾಯ್ಕ, ಅಡಿಯ ಮೊದಲಾದ ಸಮುದಾಯಗಳ ನೆಲೆಗಳು. ಕನ್ನಡದೊಡನೆ ನಿಕಟ ಸಂಬಂಧವುಳ್ಳ ನುಡಿಗಳು ಇಲ್ಲಿ ಉಳಿದುಬಂದಿವೆ. ವಯನಾಡಿನ ಅಡಿಯರೂ ಕೊಡಗಿನ ಯರವರೂ ಒಂದೇ ಜನ. ಪಣಿಯರು ವಯನಾಡು, ನೀಲಗಿರಿ, ಕೊಡಗು ಮೂರರಲ್ಲೂ ಹರಡಿದ್ದಾರೆ. ಕಳೆದ ಏಳು ದಶಕಗಳಲ್ಲಿ ಈ ಜನರ ರಕ್ತದ ಒಂದು ವಂಶವಾಹಿಯನ್ನು ವಿಜ್ಞಾನ ಮೂರು ಬಗೆಯಲ್ಲಿ ಓದಿದೆ: ಮೊದಲು ಜನಾಂಗದ ಮುದ್ರೆಯಾಗಿ, ಅನಂತರ ಮಲೇರಿಯದ ಕುರುಹಾಗಿ, ಈಚೆಗೆ ಚಿಕಿತ್ಸೆಯ ಗುರಿಯಾಗಿ. ಓದು ಸೂಕ್ಷ್ಮವಾದಷ್ಟೂ ಅದರ ಫಲ ರಕ್ತ ಕೊಟ್ಟವರಿಗೆ ತಲಪುವ ದಾರಿ ತಾನಾಗಿಯೇ ಹತ್ತಿರವಾಗಲಿಲ್ಲ. ಆ ದಾರಿಯ ಒಂದು ಮುಖ್ಯ ಭಾಗ ಭಾಷೆಯದು.

ರೋಗದ ಮೊದಲ ವರದಿ 1910ರದು. ಚಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಗ್ರೆನಡಾ ದ್ವೀಪದಿಂದ ಬಂದಿದ್ದ ದಂತವೈದ್ಯ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ವಿಲಕ್ಷಣವಾದ, ಬಾಗಿದ ಕಣಗಳನ್ನು ಕಂಡು ದಾಖಲಿಸಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಯ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಆರೋಗ್ಯವಂತರ ಹಿಮೋಗ್ಲೋಬಿನ್ನಿಗಿಂತ ಬೇರೆಯಾಗಿ ಚಲಿಸುತ್ತದೆ ಎಂಬುದನ್ನು ತೋರಿಸಿ, ಇದನ್ನು ‘ಅಣುರೋಗ’ ಎಂದು ಕರೆದರು. ರೋಗವೊಂದರ ಕಾರಣವನ್ನು ಅಣುವೊಂದರ ರಚನೆಯಲ್ಲಿ ಗುರುತಿಸಿದ್ದು ಅದೇ ಮೊದಲು. ಅಣುಜೀವಶಾಸ್ತ್ರದ ವೈದ್ಯಕೀಯ ಶಾಖೆ ಹುಟ್ಟಿದ್ದು ಈ ರೋಗದಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

ಲೇಮನ್ ನೀಲಗಿರಿಯತ್ತ ಗಮನ ಹರಿಸಿದಾಗ ಪಾಲಿಂಗರ ಶೋಧ ಇನ್ನೂ ಹೊಸದು. ಜರ್ಮನಿಯ ಯಹೂದಿ ಕುಟುಂಬದಲ್ಲಿ ಹುಟ್ಟಿ ನಾಜಿ ಆಳ್ವಿಕೆಯ ಕಾಲದಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದ್ದ ಆತ ಯುದ್ಧಕಾಲದಲ್ಲಿ ಸೇನಾ ವೈದ್ಯನಾಗಿ ಭಾರತವನ್ನು ಕಂಡಿದ್ದನು; ಅನಂತರ ಉಗಾಂಡದಲ್ಲಿ ರಕ್ತಹೀನತೆಯನ್ನು ಅಭ್ಯಸಿಸಿದ್ದನು. ಕಟ್‌ಬುಷ್ ರಕ್ತಗುಂಪುಗಳ ತಜ್ಞೆ; 1950ರಲ್ಲಿ ‘ಡಫಿ’ ಎಂಬ ರಕ್ತಗುಂಪನ್ನು ಗುರುತಿಸಿದವರಲ್ಲಿ ಆಕೆಯೂ ಒಬ್ಬಳು. ಇವರ ಪರೀಕ್ಷೆಯಲ್ಲಿ ಕುಡುಗೋಲು ಕಣವು ಇರುಳರೇ ಮೊದಲಾದ ಅರಣ್ಯವಾಸಿಗಳಲ್ಲಿ ಹೆಚ್ಚಾಗಿಯೂ ಬಡಗರಲ್ಲಿ ಕಡಿಮೆಯಾಗಿಯೂ ಕಾಣಿಸಿತು. ಆ ಕಾಲದ ಮಾನವಶಾಸ್ತ್ರ ದಕ್ಷಿಣದ ಅರಣ್ಯವಾಸಿಗಳನ್ನು ‘ವೆಡ್ಡಾಯಿಡ್’ ಎಂಬ ಜನಾಂಗವಾಗಿ ವಿಂಗಡಿಸುತ್ತಿತ್ತು. ಲೇಮನ್ ಆ ವಿಂಗಡಣೆಯನ್ನೇ ಆಧಾರವಾಗಿ ಹಿಡಿದು, ಕುಡುಗೋಲು ಕಣ ಆ ಜನಾಂಗದ ಗುರುತೆಂದು ಭಾವಿಸಿದನು. 1954ರಲ್ಲಿ ಇನ್ನೂ ಮುಂದೆ ಹೋಗಿ, ಈ ವಂಶವಾಹಿಯ ಹಂಚಿಕೆಯಿಂದ ಪೂರ್ವ ಆಫ್ರಿಕದ ಜನರ ಮೂಲವನ್ನೇ ವಿವರಿಸಲು ಯತ್ನಿಸಿದನು.

ಇದು ಮೊದಲ ಓದು. ರಕ್ತದ ಹನಿಯಲ್ಲಿ ಪುರಾತನ ವಲಸೆಯ ದಾರಿಯನ್ನು ಹುಡುಕಿದ ಈ ಓದಿಗೆ ರಕ್ತ ಕೊಟ್ಟವರ ಕೀಲುನೋವು, ಕಾಮಾಲೆ, ಎಳವೆಯಲ್ಲೇ ತೀರಿಕೊಂಡ ಮಕ್ಕಳು ಮುಖ್ಯ ಪ್ರಶ್ನೆಗಳಾಗಿರಲಿಲ್ಲ. ಅಷ್ಟೇ ಅಲ್ಲ, ಒಂದೇ ಒಂದು ಗುಣದಿಂದ ಇಡೀ ಸಮುದಾಯದ ಚರಿತ್ರೆಯನ್ನು ಊಹಿಸುವ ಕ್ರಮದಲ್ಲೇ ದೋಷವಿತ್ತು. ಅದನ್ನು ಹೊರಗೆಡಹಿದ್ದು ಎರಡನೆಯ ಓದು.

1949ರಲ್ಲಿ ಜೆ.ಬಿ.ಎಸ್. ಹಾಲ್ಡೇನ್, ಕೆಲವು ರಕ್ತದೋಷಗಳ ವಂಶವಾಹಿಗಳು ಮಲೇರಿಯದಿಂದ ರಕ್ಷಣೆ ನೀಡುವುದರಿಂದಲೇ ಉಳಿದುಬಂದಿರಬೇಕೆಂದು ಸೂಚಿಸಿದ್ದನು. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದ ಅಧ್ಯಯನಗಳಿಂದ ಕುಡುಗೋಲು ಕಣದ ವಿಷಯದಲ್ಲಿ ಇದಕ್ಕೆ ಆಧಾರ ಒದಗಿಸಿದನು. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರು. ಮಾರಕ ಮಲೇರಿಯ ಅವರನ್ನು ಸುಲಭವಾಗಿ ಕೊಲ್ಲದು. ಇಬ್ಬರಿಂದಲೂ ಪಡೆದ ಮಗು ಮಾತ್ರ ರೋಗಿ. ಹೀಗೆ ಕೆಲವರ ನೋವಿನ ಬೆಲೆಗೆ ಹಲವರ ಉಳಿವು ಸಾಧ್ಯವಾದ ನೆಲಗಳಲ್ಲಿ ಈ ವಂಶವಾಹಿ ತಲೆಮಾರುಗಳುದ್ದಕ್ಕೂ ನಿಂತಿತು.

ನೀಲಗಿರಿಯ ಚಿತ್ರ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಬಡಗರ ಹಟ್ಟಿಗಳಿರುವುದು ಎತ್ತರದ, ಚಳಿಯ ಪ್ರಸ್ಥಭೂಮಿಯಲ್ಲಿ. ಇರುಳರೂ ಕುರುಂಬರೂ ಪಣಿಯರೂ ಬಾಳಿದ್ದು ಇಳಿಜಾರಿನ ಕಾಡುಗಳಲ್ಲಿ, ತಪ್ಪಲಿನಲ್ಲಿ, ವಯನಾಡಿನ ಗದ್ದೆಬಯಲುಗಳ ಅಂಚಿನಲ್ಲಿ. ವಯನಾಡು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಜ್ವರದ ನಾಡೆಂದೇ ಹೆಸರಾಗಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಸಿಂಪಡಣೆ ಅಲ್ಲಿನ ಬದುಕನ್ನು ಬದಲಿಸಿತು. ಜ್ವರ ಹಿಮ್ಮೆಟ್ಟಿತು, ರಕ್ತದಲ್ಲಿ ಬರೆದಿದ್ದ ಅದರ ಚರಿತ್ರೆ ಮಾತ್ರ ಹಾಗೆಯೇ ಉಳಿಯಿತು. ರಕ್ಷಣೆಯ ಅಗತ್ಯ ತಗ್ಗಿದ ಮೇಲೂ ನೋವು ಮುಂದುವರಿಯಿತು.

ಈ ವಂಶವಾಹಿ ನುಡಿಯ ಎಲ್ಲೆಯನ್ನೂ ಜಾತಿಯ ಪಟ್ಟಿಯನ್ನೂ ಲೆಕ್ಕಿಸುವುದಿಲ್ಲ. ಮಲೆಯಾಳಕ್ಕೆ ಸಮೀಪವಾದ ಪಣಿಯ, ತಮಿಳಿಗೆ ಸಮೀಪವಾದ ಇರುಳ, ಕನ್ನಡಕ್ಕೆ ಸಮೀಪವಾದ ಕುರುಂಬ ನುಡಿಗಳನ್ನಾಡುವ ಮೂವರಲ್ಲೂ ಅದು ಇದೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿಲ್ಲದ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಇದೆ. ಇದನ್ನು ‘ಆದಿವಾಸಿಗಳ ರೋಗ’ವೆಂದು ಕರೆಯುವುದು ಚರಿತ್ರೆಯ ದೃಷ್ಟಿಯಿಂದಲೂ ಸರಿಯಲ್ಲ, ವೈದ್ಯಕೀಯ ದೃಷ್ಟಿಯಿಂದಲೂ ಸರಿಯಲ್ಲ. ಸೊಳ್ಳೆಯ ಜೊತೆ ಬಹುಕಾಲ ಬಾಳಿದ ನೆಲದ ರೋಗವಿದು.

ಆಡಳಿತದ ಗೆರೆಗಳಾದರೋ ಬೇರೆ ತರ್ಕದಿಂದ ಎಳೆಯಲ್ಪಟ್ಟವು. ಗೂಡಲೂರು ಸೀಮೆಯನ್ನೊಳಗೊಂಡ ಆಗ್ನೇಯ ವಯನಾಡು 1877ರಲ್ಲಿ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಉಳಿದ ವಯನಾಡು ಕೇರಳದ ಪಾಲಾಯಿತು, ನೀಲಗಿರಿ ಮದರಾಸಿನಲ್ಲಿ ಉಳಿಯಿತು, ಕೊಡಗು ಮೈಸೂರಿಗೆ ಬಂದಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, ಅದೇ ಅಕ್ಟೋಬರಿನಲ್ಲಿ, ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ‘ನೇಚರ್’ ಪತ್ರಿಕೆಯಲ್ಲಿ, ಕುಡುಗೋಲು ಹಿಮೋಗ್ಲೋಬಿನ್ನಿನ ವ್ಯತ್ಯಾಸ ಪ್ರೋಟೀನಿನ ಒಂದು ಪುಟ್ಟ ತುಣುಕಿನಲ್ಲಿ ಮಾತ್ರವಿದೆ ಎಂದು ಪ್ರಕಟಿಸಿದ್ದನು. ಮುಂದಿನ ವರ್ಷ ಅದು ಇನ್ನೂ ಖಚಿತವಾಯಿತು: ಗ್ಲುಟಾಮಿಕ್ ಆಮ್ಲವಿರಬೇಕಾದೆಡೆಯಲ್ಲಿ ವ್ಯಾಲೀನ್ ಇದೆ. 146 ಅಮೈನೋ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದ ಪಲ್ಲಟ ಅದು. ಡಿಎನ್‌ಎ ಲಿಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರವನ್ನು ಹೊತ್ತ ಬಂಧುಗಳು ಮೂರು ರಾಜ್ಯಗಳ ಮೂರು ಆಸ್ಪತ್ರೆ ವ್ಯವಸ್ಥೆಗಳಲ್ಲಿ, ಮೂರು ರಾಜ್ಯಭಾಷೆಗಳಲ್ಲಿ ಹಂಚಿಹೋದರು.

ಮೂಲದ ಪ್ರಶ್ನೆ ಅನಂತರವೂ ಮರಳಿತು, ಈ ಬಾರಿ ಡಿಎನ್‌ಎ ರೂಪದಲ್ಲಿ. 1986ರಲ್ಲಿ ಕುಲೋಜಿಕ್ ಮತ್ತು ಸಂಗಡಿಗರು ವಂಶವಾಹಿಯ ಅಕ್ಕಪಕ್ಕದ ಡಿಎನ್‌ಎ ವಿನ್ಯಾಸವನ್ನು ಹೋಲಿಸಿ, ಭಾರತ ಮತ್ತು ಪೂರ್ವ ಅರೇಬಿಯದ ಕುಡುಗೋಲು ವಂಶವಾಹಿ ಆಫ್ರಿಕದ್ದರಿಂದ ಸ್ವತಂತ್ರವಾಗಿ ಹುಟ್ಟಿದ್ದೆಂದು ವಾದಿಸಿದರು. 2018ರಲ್ಲಿ ಶ್ರೈನರ್ ಮತ್ತು ರೊಟಿಮಿ ಪೂರ್ಣ ಜೀನೋಮುಗಳ ವಿಶ್ಲೇಷಣೆಯಿಂದ, ಇವೆಲ್ಲವೂ ಸುಮಾರು 7,300 ವರ್ಷಗಳ ಹಿಂದೆ ಆಫ್ರಿಕದಲ್ಲಿ ಒಮ್ಮೆ ಮಾತ್ರ ಹುಟ್ಟಿದ ಬದಲಾವಣೆಯ ಸಂತತಿಯೆಂಬ ನಿರ್ಣಯಕ್ಕೆ ಬಂದರು. ಮೂವತ್ತೆರಡು ವರ್ಷಗಳ ಅಂತರದಲ್ಲಿ ನಿರ್ಣಯ ತಿರುಗುಮುರುಗಾದದ್ದು ಗಮನಾರ್ಹ. ಒಂದು ವಂಶವಾಹಿಯ ಮೂಲ ಅದನ್ನು ಹೊತ್ತ ಜನರ ಮೂಲವೂ ಅಲ್ಲ, ಅವರ ನುಡಿಯ ಮೂಲವೂ ಅಲ್ಲ ಎಂಬ ಎಚ್ಚರ ಗಡಿನಾಡಿನ ಭಾಷಾಚರಿತ್ರೆ ಬರೆಯುವವರಿಗೆ ಇಲ್ಲಿ ದೊರೆಯುತ್ತದೆ.

ಮೂರನೆಯ ಓದಿನ ಬೀಜ ಇನ್ನೂ ಹಿಂದಿನದು. 1948ರಲ್ಲಿ ಜಾನೆಟ್ ವಾಟ್ಸನ್ ಎಂಬ ವೈದ್ಯೆ, ಕುಡುಗೋಲು ವಂಶವಾಹಿ ಪಡೆದ ನವಜಾತ ಶಿಶುಗಳ ರಕ್ತಕಣಗಳು ಸುಲಭವಾಗಿ ಬಾಗುವುದಿಲ್ಲವೆಂಬುದನ್ನು ಗಮನಿಸಿ, ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ ಅವರನ್ನು ಕಾಪಾಡುತ್ತಿದೆಯೆಂದು ತರ್ಕಿಸಿದಳು. ಹುಟ್ಟಿದ ಕೆಲವು ತಿಂಗಳಲ್ಲಿ ದೇಹ ಈ ಹಿಮೋಗ್ಲೋಬಿನ್ನಿನ ತಯಾರಿಕೆಯನ್ನು ಬಹುತೇಕ ನಿಲ್ಲಿಸುತ್ತದೆ. ರೋಗ ಕಾಣಿಸಿಕೊಳ್ಳುವುದು ಆಗಲೇ. ಆದರೆ ಎಲ್ಲರಲ್ಲೂ ಅದು ಸಮನಾಗಿ ನಿಲ್ಲುವುದಿಲ್ಲ. 1986ರಲ್ಲಿ ಒಡಿಶಾದ ರೋಗಿಗಳನ್ನು ಕುರಿತು ಕರ್, ಸರ್ಜೆಂಟ್ ಮತ್ತು ಇತರರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಾಗ, ಅಲ್ಲಿಯವರಲ್ಲಿ ಗರ್ಭಸ್ಥ ಹಿಮೋಗ್ಲೋಬಿನ್ನಿನ ಪ್ರಮಾಣ ಜಮೈಕದ ರೋಗಿಗಳಿಗಿಂತ ಹೆಚ್ಚೆಂಬುದು ತಿಳಿದುಬಂತು. ಭಾರತದ ರೋಗ ಎಲ್ಲೆಡೆ ಸೌಮ್ಯವೆಂದು ಇದರ ಅರ್ಥವಲ್ಲ. ಮಧ್ಯಭಾರತದಲ್ಲಿ ತೀವ್ರ ರೂಪಗಳೂ ಕಂಡಿವೆ. ಆದರೂ ನಿಸರ್ಗವೇ ತೆರೆದಿಟ್ಟ ಒಂದು ದಾರಿ ಇಲ್ಲಿತ್ತು.

2008ರಲ್ಲಿ ಗರ್ಭಸ್ಥ ಹಿಮೋಗ್ಲೋಬಿನ್ನನ್ನು ಅದುಮಿಡುವ ಪ್ರೋಟೀನು ‘ಬಿಸಿಎಲ್11ಎ’ ಎಂಬುದು ಸ್ಪಷ್ಟವಾಯಿತು. 2012ರಲ್ಲಿ ಜೆನಿಫರ್ ಡೌಡ್ನ ಮತ್ತು ಎಮಾನ್ಯುಯೆಲ್ ಶಾರ್ಪಾಂತಿಯೇ ಡಿಎನ್‌ಎಯನ್ನು ಬೇಕಾದೆಡೆ ಕತ್ತರಿಸುವ ‘ಕ್ರಿಸ್ಪರ್’ ವಿಧಾನವನ್ನು ಮುಂದಿಟ್ಟರು. 2020ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಎರಡೂ ಕೂಡಿದಲ್ಲಿ ‘ಕ್ಯಾಸ್ಗೆವಿ’ ಎಂಬ ಚಿಕಿತ್ಸೆ ರೂಪುಗೊಂಡಿತು. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಬಿಸಿಎಲ್11ಎಯನ್ನು ಚಾಲೂ ಮಾಡುವ ಡಿಎನ್‌ಎ ಭಾಗವನ್ನು ಕತ್ತರಿಸಿ, ತೀವ್ರ ಔಷಧಗಳಿಂದ ಹಳೆಯ ಅಸ್ಥಿಮಜ್ಜೆಯನ್ನು ತೆರವುಗೊಳಿಸಿದ ಮೇಲೆ ಮರಳಿ ಸೇರಿಸಲಾಗುತ್ತದೆ. ಕೆಟ್ಟ ಅಕ್ಷರ ಹಾಗೆಯೇ ಇರುತ್ತದೆ. ಶೈಶವದ ರಕ್ಷಣೆ ಮರಳಿ ಬರುತ್ತದೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿದವು. ಫಲಿತಾಂಶ ಅಳೆಯಬಹುದಾಗಿದ್ದ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿಯಿಲ್ಲದೆ ಕಳೆದರು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್.

ಗೂಡಲೂರಿನಿಂದಲೋ ಮಾನಂದವಾಡಿಯಿಂದಲೋ ನೋಡಿದರೆ ಈ ಅಂಕಿಗೆ ಅರ್ಥವೇ ಇಲ್ಲ. ದೆಹಲಿಯ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಅಗ್ಗದ ದೇಶೀ ವಿಧಾನಕ್ಕಾಗಿ ಶ್ರಮಿಸುತ್ತಿದ್ದಾರೆ. ಅದು ಬರುವ ತನಕ ಜೀವ ಉಳಿಸುವುದು ಹಳೆಯ, ಅಗ್ಗದ ಸಾಧನಗಳೇ: ಹುಟ್ಟಿದೊಡನೆ ರಕ್ತಪರೀಕ್ಷೆ, ಎಳೆಯರಿಗೆ ಪೆನಿಸಿಲಿನ್, 1995ರ ಪ್ರಯೋಗದಲ್ಲಿ ನೋವಿನ ದಾಳಿಗಳನ್ನು ತಗ್ಗಿಸಿ ತೋರಿಸಿದ ಹೈಡ್ರಾಕ್ಸಿಯೂರಿಯ ಗುಳಿಗೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿಯನ್ನೂ 2047ರೊಳಗೆ ರೋಗವನ್ನು ನೀಗುವ ಸಂಕಲ್ಪವನ್ನೂ ಹೊಂದಿದೆ. ತಪಾಸಣೆಯ ಫಲ ಒಂದು ಚೀಟಿಯಾಗಿ ಕೈಸೇರುತ್ತದೆ. ಆ ಚೀಟಿಯನ್ನು ಯಾವ ನುಡಿಯಲ್ಲಿ ವಿವರಿಸಲಾಗುತ್ತದೆ ಎಂಬಲ್ಲಿಗೆ ಈ ಚರಿತ್ರೆ ಭಾಷೆಯ ಬಳಿ ಬಂದು ನಿಲ್ಲುತ್ತದೆ.

ಮಲೆಯಾಳದಲ್ಲೂ ತಮಿಳಿನಲ್ಲೂ ಈ ರೋಗದ ಹೆಸರಿಗೆ ‘ಅರಿವಾಳ್’ ಎಂಬ ಪದ ಸೇರಿದೆ, ಕನ್ನಡದಲ್ಲಿ ‘ಕುಡುಗೋಲು’. ಹೆಸರಿನಲ್ಲಿ ತೊಡಕಿಲ್ಲ. ತೊಡಕಿರುವುದು ಇಂಗ್ಲಿಷಿನ ‘ಟ್ರೇಟ್’ ಎಂಬ ಮಾತಿನಲ್ಲಿ. ಅದನ್ನು ‘ಲಕ್ಷಣ’ವೆಂದು ತಂದರೆ, ಆಸ್ಪತ್ರೆಯಲ್ಲಿ ಲಕ್ಷಣವೆಂಬುದಕ್ಕೆ ಈಗಾಗಲೇ ರೋಗದ ಚಿಹ್ನೆಯೆಂಬ ಅರ್ಥವಿದೆ. ಆರೋಗ್ಯವಂತನಾದ ವಾಹಕ ತಾನು ರೋಗಿಯೆಂದು ತಿಳಿಯುತ್ತಾನೆ. ‘ವಾಹಕ’ವೆಂದರೂ ಸೊಳ್ಳೆಯಂತೆ ಇನ್ನೊಬ್ಬರಿಗೆ ರೋಗ ಹರಡುವವನೆಂಬ ಭಾವ ಮೂಡಬಹುದು. ಇಬ್ಬರು ವಾಹಕರು ಮದುವೆಯಾದರೆ ನಾಲ್ಕು ಮಕ್ಕಳಲ್ಲಿ ಒಂದು ಮಗು ರೋಗಿಯೆಂಬ ಮಾತು ಇನ್ನೂ ಅಪಾಯಕರ. ಮೊದಲ ಮಗುವಿಗೆ ರೋಗ ಬಂದರೆ ಉಳಿದ ಮೂವರು ಸುರಕ್ಷಿತರೆಂಬ ತಪ್ಪು ನಂಬಿಕೆಗೆ ಅದು ಎಡೆಮಾಡುತ್ತದೆ. ನಿಜಕ್ಕೆ ಪ್ರತಿಯೊಂದು ಬಸಿರಿನಲ್ಲೂ ಸಾಧ್ಯತೆ ಶೇ. 25.

ಇಂತಹ ಎಡವಟ್ಟಿನ ಫಲ ಏನೆಂಬುದಕ್ಕೆ ಗ್ರೀಸಿನ ಒರ್ಖೊಮೆನೋಸ್ ಗ್ರಾಮದ ನಿದರ್ಶನವಿದೆ. 1970ರ ದಶಕದಲ್ಲಿ ಪ್ರಕಟವಾದ ಅಲ್ಲಿನ ಅನುಭವದ ಪ್ರಕಾರ, ತಪಾಸಣೆಯ ತರುವಾಯ ವಾಹಕರು ಕಳಂಕಕ್ಕೆ ಅಂಜಿ ತಮ್ಮ ಫಲಿತಾಂಶವನ್ನು ಮುಚ್ಚಿಟ್ಟರು. ವಾಹಕರ ನಡುವಣ ಮದುವೆಗಳು ತಪಾಸಣೆಯೇ ನಡೆಯದಿದ್ದಲ್ಲಿ ಆಗುತ್ತಿದ್ದಷ್ಟೇ ಆದವು. ಪ್ರಯೋಗಾಲಯದ ಫಲಿತಾಂಶ ಸರಿಯಿತ್ತು, ತಿಳಿಹೇಳುವ ಕ್ರಮ ಸೋತಿತ್ತು.

ಗೂಡಲೂರಿನ ಆದಿವಾಸಿ ಆಸ್ಪತ್ರೆಯನ್ನು ನಡೆಸುವ ‘ಅಶ್ವಿನಿ’ ಸಂಸ್ಥೆ ಆ ಸಮುದಾಯಗಳ ಯುವತಿಯರನ್ನೇ ದಾದಿಯರಾಗಿ, ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತುಗೊಳಿಸಿದ್ದು ಈ ದೃಷ್ಟಿಯಿಂದ ಮಹತ್ತ್ವದ ಹೆಜ್ಜೆ. ಮನೆಮಾತನ್ನಾಡುವ ದಾದಿಗೆ ಚೀಟಿಯ ಅರ್ಥವನ್ನು ಅನುವಾದಿಸುವ ಪ್ರಮೇಯವಿಲ್ಲ. ನಂಟಸ್ತಿಕೆಯ ಮಾತುಗಳಲ್ಲಿಯೇ ಅದನ್ನು ಹೇಳಬಲ್ಲಳು. ಬೆಟ್ಟಕುರುಂಬ, ಕಾಟ್ಟುನಾಯ್ಕ, ಅಡಿಯ, ಬಡಗ ನುಡಿಗಳ ಪದಕೋಶಗಳನ್ನು ಸಂಗ್ರಹಿಸಿದವರು ಗಿಡಮರಗಳ ಹೆಸರನ್ನೂ ಬಂಧುವಾಚಕಗಳನ್ನೂ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ನೋವು, ರಕ್ತ, ಬಸಿರು, ವಂಶಪಾರಂಪರ್ಯ ಇವುಗಳನ್ನು ಕುರಿತ ಮಾತುಗಳೂ ಅದೇ ಶ್ರದ್ಧೆಯಿಂದ ಸಂಗ್ರಹವಾದರೆ, ಅವು ನೇರವಾಗಿ ತಪಾಸಣಾ ಶಿಬಿರದ ಮೇಜಿಗೆ ಹೋಗಬಲ್ಲವು.

1952ರ ಲೇಖನದಲ್ಲಿ ನೀಲಗಿರಿಯ ಜನ ಸಂಖ್ಯೆಗಳಾಗಿ ಉಳಿದರು. ಅಂದು ಕೇಳಿದ ಪ್ರಶ್ನೆ ಅವರು ಎಲ್ಲಿಂದ ಬಂದವರೆಂಬುದು. ಇಂದು ಅದೇ ರಕ್ತದ ಆ ಒಂದು ಅಕ್ಷರದ ಸ್ಥಾನ ಖಚಿತವಾಗಿ ತಿಳಿದಿದೆ, ಅದರ ಕೇಡನ್ನು ತಡೆಯುವ ಉಪಾಯವೂ ತಿಳಿದಿದೆ. ಉಳಿದಿರುವುದು ಆ ತಿಳಿವು ಅವರ ಮನೆಯಂಗಳಕ್ಕೆ, ಅವರ ಮಾತಿನಲ್ಲಿ, ಅವರು ಮದುವೆಯ ಮಾತುಕತೆಗೆ ಕೂರುವ ಮುನ್ನ ತಲಪುವುದು.