ಕೋಟದ ಪಾತ್ರಿ, ಎಡಿನ್‌ಬರೊದ ವೈದ್ಯ

ನೌಬಾದದಲ್ಲಿರುವ ನಮ್ಮ ದೊಡ್ಡವ್ವನಿಗೆ ಹಲವು ತಿಂಗಳು ನಿದ್ದೆ ಬರಲಿಲ್ಲ. ಮೊದಲು ಅಷ್ಟೂರಿನ ದರ್ಗಾಕ್ಕೆ ಹೋದೆವು, ಆಮೇಲೆ ಬೀದರಿನ ದವಾಖಾನೆಗೆ. ಒಳಗೆ ಹೋಗುವ ಮುನ್ನ ಆಕೆ ನನ್ನ ಕೈ ಹಿಡಿದು, “ಡಾಕ್ಟರ್ ಮುಂದ ದರ್ಗಾದ ಮಾತು ತಗೀಬ್ಯಾಡ, ಮಂದಿ ಮುಂದ ದವಾಖಾನಿ ಮಾತು ತಗೀಬ್ಯಾಡ” ಅಂದಳು.

ಈ ಎರಡು ಮುಚ್ಚುಮರೆಗಳ ನಡುವೆ ಸಿಕ್ಕಿಬಿದ್ದವರು ಎಷ್ಟು ಜನರೋ. ಆದರೆ ಅರ್ಧ ಶತಮಾನದ ಹಿಂದೆಯೇ ಕರ್ನಾಟಕದ ಒಂದು ಹಳ್ಳಿಯಲ್ಲಿ ಕೂತು ಈ ಮಾತನ್ನು ಕೇಳಿಸಿಕೊಂಡ ಮನೋವೈದ್ಯರೊಬ್ಬರಿದ್ದರು: ಆರ್.ಎಲ್. ಕಪೂರ್.

ಎಡಿನ್‌ಬರೊ ವಿಶ್ವವಿದ್ಯಾಲಯದ ಮನೋವೈದ್ಯ ಪ್ರಾಧ್ಯಾಪಕ ಜಿ.ಎಂ. ಕಾರ್ಸ್ಟೇರ್ಸ್ ಅವರ ಜೊತೆಗೂಡಿ ಕಪೂರ್ ಆರಿಸಿಕೊಂಡದ್ದು ಕರಾವಳಿಯ ಕೋಟ, ಶಿವರಾಮ ಕಾರಂತರ ಹುಟ್ಟೂರು. ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರು ಅವರ ಅಧ್ಯಯನಕ್ಕೆ ಒಳಪಟ್ಟರು. ಅಳಿಯಸಂತಾನದ ಕಟ್ಟು ಸಡಿಲಾಗುತ್ತಿದ್ದ ಕಾಲ ಅದು. ಮನೆತನದ ನಿಯಮ ಬದಲಾದರೆ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲಿ ಒಂದು. ಅಧ್ಯಯನ 1976ರಲ್ಲಿ ಪುಸ್ತಕವಾಯಿತು.

ವಿಲಾಯತಿಯ ಪ್ರಶ್ನಾವಳಿಯನ್ನು ಹಾಗೆಯೇ ಹಳ್ಳಿಗೆ ತಂದರೆ ಸಾಲದು ಎಂಬುದನ್ನು ಅವರು ಬೇಗ ಅರಿತರು. ಮನೋವಿಜ್ಞಾನಿ ಮಾಳವಿಕಾ ಕಪೂರ್ ಅವರೂ ಸೇರಿ ಭಾರತಕ್ಕೆಂದೇ ಹೊಸ ಸಮೀಕ್ಷಾ ಪಟ್ಟಿಯೊಂದನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು.

ಕೋಟದಲ್ಲಿ ಚಿಕಿತ್ಸಕರು ಬಗೆಬಗೆಯವರು. ಮದ್ದು ಕೊಡುವ ವೈದ್ಯ, ಮಂತ್ರ ಹಾಕುವ ಮಂತ್ರವಾದಿ, ದೈವ ಮೈದುಂಬಿ ನುಡಿಯುವ ಪಾತ್ರಿ. ಇವರ ಜೊತೆಗೆ ಇಂಗ್ಲಿಷ್ ಔಷಧದ ಡಾಕ್ಟರು. ಕಪೂರ್ ಕಂಡದ್ದು ಇಷ್ಟು: ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವುದಿಲ್ಲ, ಇಬ್ಬರ ಹತ್ತಿರವೂ ಹೋಗುತ್ತಾರೆ. ಅಂದರೆ ನಮ್ಮ ದೊಡ್ಡವ್ವ ಅಪವಾದವಲ್ಲ.

ಇದನ್ನು ಮೂಢನಂಬಿಕೆಯ ಸಮರ್ಥನೆ ಎಂದು ಓದಬಾರದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಸುಟ್ಟು ಸತ್ತರು. ದರ್ಗಾದ ಹೆಸರಿನಲ್ಲಿ ಸರಪಳಿಯನ್ನು ಒಪ್ಪಲಾಗದು. ಹಾಗೆಂದು ದರ್ಗಾಕ್ಕೆ ಹೋದವರನ್ನು ಗದರಿಸಿದರೆ ಅವರು ದವಾಖಾನೆಗೆ ಬರುವುದನ್ನೇ ಬಿಡುತ್ತಾರೆ. ಕಪೂರರ ಕೆಲಸದ ಬೆಲೆ ಇರುವುದು ಈ ಇಕ್ಕಟ್ಟಿನಲ್ಲಿ.

ಮುಂದೆ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಸಮುದಾಯ ಮನೋವೈದ್ಯ ಘಟಕ ಅವರ ಕಾಲದಲ್ಲಿ, 1975ರಲ್ಲಿ, ಶುರುವಾಯಿತು. ಸಕಲವಾರದಂಥ ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೇ ಮನೋರೋಗದ ಆರೈಕೆ ಕಲಿಸುವ ಪ್ರಯೋಗ ನಡೆಯಿತು. ಅದೇ ದಾರಿಯಲ್ಲಿ 1985ರಿಂದ ಬಳ್ಳಾರಿ ಜಿಲ್ಲಾ ಮಾದರಿ ರೂಪುಗೊಂಡಿತು. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದೆ.

ಕೊನೆಗಾಲದಲ್ಲಿ ಕಪೂರ್ ಯೋಗ, ಧ್ಯಾನದ ಕಡೆ ತಿರುಗಿದರು. ಹಿಮಾಲಯದ ಸಾಧುಗಳ ಜೊತೆ ಕೂತು ಅವರ ಬದುಕನ್ನು ಕೇಳಿದರು. ಇವರು ಬದುಕಿಗೆ ಬೆನ್ನು ತೋರಿಸಿ ಓಡಿಬಂದವರೋ, ಬೇರೊಂದು ಬಗೆಯ ಬದುಕನ್ನು ಕಂಡುಕೊಂಡವರೋ ಎಂಬ ಪ್ರಶ್ನೆ ಅವರದು. 2006ರಲ್ಲಿ ತೀರಿಕೊಂಡರು. ಆ ಪುಸ್ತಕ 2009ರಲ್ಲಿ ಬಂತು. ಪಾತ್ರಿಯನ್ನು ಕೇಳಿದ ಕುತೂಹಲದಲ್ಲೇ ಸಾಧುವನ್ನೂ ಕೇಳಿದರು ಎಂಬುದು ನನಗೆ ಮುಖ್ಯ.

ಎರಡನೇ ಸಲ ಹೋದಾಗ ಡಾಕ್ಟರರೇ ಕೇಳಿದರು, “ಮತ್ತ ಎಲ್ಲೆಲ್ಲಿ ತೋರಿಸೀರಿ ಅವ್ವಾ?” ದೊಡ್ಡವ್ವ ನನ್ನ ಮುಖ ನೋಡಿದಳು. “ಅಷ್ಟೂರಿಗಿ ಹೋಗಿದ್ದೆ” ಅಂದಳು. ಡಾಕ್ಟರರು ತಲೆದೂಗಿ, “ಹೋಗ್ರಿ, ಆದ್ರ ಗುಳಿಗಿ ಬಿಡಬ್ಯಾಡ್ರಿ” ಅಂದರು. ಆಕೆ ಬಿಡಲಿಲ್ಲ.