ವಿದ್ಯುದ್ದೀಪದ ಪೂರ್ವೋತ್ತರ

ಚಿತ್ರದುರ್ಗದ ಸೀಮೆಯು ಮಳೆಗೆ ಬಡವಾದುದು. ಸಿರಿಗೆರೆಯ ಸುತ್ತಣ ಗ್ರಾಮಗಳಲ್ಲಿ ಹಿಂದೆ ಇರುಳಿಗೆ ಎಣ್ಣೆಯ ಹಣತೆಯೂ, ಬಾವಿಗೆ ಎತ್ತಿನ ಕಪಿಲೆಯೂ ಆಧಾರವಾಗಿದ್ದುವು. ಇಂದು ಗುಂಡಿಯೊಂದನ್ನೊತ್ತಿದೊಡನೆ ಮಠದ ಅಂಗಳವೂ ಬಡವನ ಗುಡಿಸಿಲೂ ಏಕರೀತಿಯಾಗಿ ಬೆಳಗುತ್ತವೆ. ಈ ಬೆಳಕು ಯಾವ ಕ್ರಮದಿಂದ ಬಂದಿತು, ಅದನ್ನು ಮನೆಯೊಳಗೆ ಬರಮಾಡಿಕೊಂಡವರ ಹೊಣೆಯೇನು ಎಂಬುದು ಭಕ್ತರೆಲ್ಲರೂ ಅರಿಯತಕ್ಕ ವಿಷಯವಾಗಿದೆ.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಎಂಜಿನಿಯರಾದ ಜೋಲಿ ದ ಲೋಟ್ಬಿನಿಯೇರರ ಯೋಜನೆಯಂತೆ, ಶಿವನಸಮುದ್ರದಲ್ಲಿ ಕಾವೇರಿಯ ಧುಮುಕನ್ನು ಶಕ್ತಿಯನ್ನಾಗಿ ಮಾರ್ಪಡಿಸುವ ಕಾರ್ಯವು ಮೊದಲಾಯಿತು. 1902ನೆಯ ಇಸವಿ ಜೂನ್ ತಿಂಗಳ ಅಂತ್ಯದಲ್ಲಿ ಆ ಶಕ್ತಿಯು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ಕಾಲವಶರಾದುದರಿಂದ ತಾವು ನೆಟ್ಟ ಗಿಡದ ಫಲವನ್ನು ಕಾಣಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳೂ, 1908ರಲ್ಲಿ ಮೈಸೂರು ನಗರವೂ ಬೆಳಗಿದುವು. ಬೇಸಗೆಯಲ್ಲಿ ನದಿಯು ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವಾದುದರಿಂದ, 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನಾರಂಭಿಸಲು ಇದೂ ಒಂದು ಕಾರಣವಾಯಿತು. 1940ರಲ್ಲಿ ಶಿಂಷಾ, 1948ರಲ್ಲಿ ಜೋಗ, 1964ರಿಂದ ಶರಾವತಿಯ ಮಹಾ ವಿದ್ಯುದಾಗಾರಗಳು ಇದನ್ನು ಹಿಂಬಾಲಿಸಿದುವು.

ಇಲ್ಲಿಯ ಅನುಕ್ರಮವು ಗಮನಾರ್ಹವಾದುದು. ಮೊದಲು ಚಿನ್ನದ ಗಣಿ, ಅನಂತರ ರಾಜಧಾನಿ, ಕಟ್ಟಕಡೆಗೆ ಹಳ್ಳಿ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾದ ಮೇಲೆ ಗ್ರಾಮಗಳಿಗೆ ತಂತಿಯನ್ನೊಯ್ಯುವ ಕೆಲಸವು ಹೆಚ್ಚಿತು. 2002ರಿಂದ ಚಿತ್ರದುರ್ಗ ಜಿಲ್ಲೆಯ ವಿತರಣೆಯು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ ಸೇರಿದೆ. ಹಿಂದೆ ಬೇರೆ ನಾಡಿನ ನದಿಗಳಿಂದ ಶಕ್ತಿಯನ್ನು ಬೇಡುತ್ತಿದ್ದ ಈ ಸೀಮೆಯು, ಜೋಗಿಮಟ್ಟಿ ಮೊದಲಾದ ಬೆಟ್ಟಗಳ ಗಾಳಿಯಿಂದ ಈಗ ತಾನೇ ಶಕ್ತಿಯನ್ನೀಯುತ್ತಿದೆ. ತುಂಗಭದ್ರೆಯ ನೀರು ಭರಮಸಾಗರದ ಕೆರೆಗೇರಿ ಬಂದುದೂ ವಿದ್ಯುತ್ತಿನ ಬಲದಿಂದಲೇ.

ಆದರೆ ತಂತಿಯು ಬಾಗಿಲಿಗೆ ಬಂದ ಮಾತ್ರಕ್ಕೆ ಕಥೆಯು ಮುಗಿಯಲಿಲ್ಲ. ದೂರದಿಂದ ಬರುವಾಗ ನಷ್ಟವು ಕಡಮೆಯಾಗಲೆಂದು ಅತ್ಯಧಿಕ ಒತ್ತಡದಲ್ಲಿ ಬರುವ ಪ್ರವಾಹವನ್ನು ಪರಿವರ್ತಕಗಳು ತಗ್ಗಿಸಿ ಮನೆಗೆ 230 ವೋಲ್ಟಿನಲ್ಲಿ ಕೊಡುತ್ತವೆ. ಈ ತಗ್ಗಿದ ಒತ್ತಡವೂ ಪ್ರಾಣವನ್ನು ತೆಗೆಯಬಲ್ಲುದು. ಆದುದರಿಂದಲೇ 1910ರ ವಿದ್ಯುಚ್ಛಕ್ತಿ ಕಾಯಿದೆ, 1956ರ ನಿಯಮಗಳು, 1985ರ ರಾಷ್ಟ್ರೀಯ ವಿದ್ಯುತ್ ಸಂಹಿತೆ, 2003ರ ಹೊಸ ಕಾಯಿದೆ, 2010ರ ಹಾಗೂ ಅದರ ಸ್ಥಾನದಲ್ಲಿ ಬಂದ 2023ರ ಸುರಕ್ಷತಾ ವಿಧಿಗಳು ಒಂದರ ಹಿಂದೊಂದು ರಚಿತವಾದುವು.

ಇವುಗಳ ಸಾರವು ಸುಲಭವಾದುದು. ಕೆಲಸವನ್ನು ಪರವಾನಗಿಯುಳ್ಳವರಿಂದ ಮಾಡಿಸತಕ್ಕದ್ದು. ಉಪಕರಣಗಳ ಲೋಹದ ಮೈಯನ್ನು ಭೂಮಿಗೆ ಸೇರಿಸತಕ್ಕದ್ದು. ಫ್ಯೂಸೆಂಬ ತೆಳುತಂತಿಯು ತಾನು ಕರಗಿ ಮನೆಯ ತಂತಿಗಳನ್ನು ಕಾಯುತ್ತದೆ. ಅದಕ್ಕೆ ಬದಲಾಗಿ ದಪ್ಪ ತಂತಿಯನ್ನು ಕಟ್ಟಿದವನು ಕಾವಲುಗಾರನನ್ನು ಓಡಿಸಿ ಬೆಂಕಿಗೆ ಬಾಗಿಲು ತೆರೆದಂತೆ. ಆದರೆ ಫ್ಯೂಸು ಮನುಷ್ಯನನ್ನು ಕಾಯಲಾರದು. ಅದಕ್ಕಾಗಿ 30 ಮಿಲಿಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಸಾಧನವು ಬೇರೆ ಬೇಕು.

ಉತ್ಸವದ ಚಪ್ಪರಗಳಲ್ಲಿ ಸಹಸ್ರಾರು ಜನರು ನೆರೆಯುವಾಗ, ಒದ್ದೆ ನೆಲದ ಮೇಲೆ ಹರಿದ ಹೊದಿಕೆಯ ತಂತಿಯನ್ನೆಳೆಯುವುದು ಎಷ್ಟು ಭಯಂಕರವೆಂಬುದನ್ನು ವಿವರಿಸಬೇಕಾದುದಿಲ್ಲ. ಸಿರಿವಂತನ ಮನೆಗೆ ಭೂಸಂಪರ್ಕವಿದ್ದು ಬಡವನ ಗುಡಿಸಿಲಿಗೆ ಅದಿಲ್ಲವಾದರೆ, ಬೆಳಕು ಸಮನಾದರೂ ಅಪಾಯವು ಸಮನಾಗಲಿಲ್ಲ. ದೀಪವು ಎಲ್ಲರ ಮನೆಗೂ ಬಂದುದು ಒಂದು ಶತಮಾನದ ಸಾಹಸದ ಫಲ. ಅಭಯವೂ ಎಲ್ಲರ ಮನೆಗೆ ಬರುವಂತೆ ಮಾಡುವುದು ಮುಂದಿನವರ ಕರ್ತವ್ಯ.